ಕಡೆಯ ಸಾಲಿನವರೆಗೆ ಓದುತ್ತಿದ್ದ ಮಾಷ್ಟ್ರು

ನನ್ನ ಮೊಮ್ಮಗಳು ಸಾನ್ವಿ ಇವತ್ತು ಬೆಳಿಗ್ಗೆ ಒಂದು ಇಡೀ ಕಥೆ ಓದಿದಳು. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯ ತನಕ, ನನಗೆ ಕೇಳುವ ಹಾಗೆ ಗಟ್ಟಿಯಾಗಿ. ಇಂಗ್ಲಿಷಿನ ಕಥೆ. ನನಗೆ ಅರ್ಥವಾದದ್ದು ಆನೆ, ಮಳೆ, ಅಮ್ಮ, ಅಷ್ಟೇ. ಆದರೆ ಮುಗಿಸಿದ ಮೇಲೆ ಪುಸ್ತಕ ಮಡಚಿ ಎದೆಗೆ ಒತ್ತಿಕೊಂಡು ಕೂತಳು ನೋಡಿ, ಆಗ ನನಗೆ ಎಲ್ಲ ಅರ್ಥವಾಯಿತು.

ಸಂತೋಷ ಹೊಟ್ಟೆಯೊಳಗೆ ನಿಲ್ಲಲಿಲ್ಲ. ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಅಡುಗೆಮನೆಯಲ್ಲಿದ್ದ ಮಗಳಿಗೆ ಹೇಳಿದೆ. ಮೂಡುಬಿದಿರೆಯಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿದೆ. ಅದೂ ಸಾಲದೆ ಬಾಗಿಲು ತೆಗೆದು ಕಾರಿಡಾರಿಗೆ ಹೋಗಿ ಎದುರು ಮನೆಯ ಬೆಲ್ಲಿಗೆ ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಬಾಗಿಲ ಬಳಿ ಯಾರದೋ ಮಗುವಿನ ಮೂರು ಗಾಲಿಯ ಸೈಕಲ್ಲು, ಆಸ್ಪತ್ರೆಯ ಕೆಲಸಕ್ಕೆ ಹೋಗುವ ಫಿಲಿಪಿನೋ ಹುಡುಗಿಯ ಬಿಳಿ ಶೂ. ಮಾಷ್ಟ್ರು ಆ ಮನೆ ಬಿಟ್ಟು ಎಷ್ಟೋ ಸಮಯವಾಯಿತು. ಈ ಲೋಕವನ್ನೇ ಬಿಟ್ಟು ಒಂದು ಮಳೆಗಾಲ ಕಳೆಯಿತು.

ಈ ಸುದ್ದಿ ಕೇಳಿದ್ದರೆ ನಾವಿರುವ ದುಬೈಯ ಇಡೀ ಡಿಸ್ಕವರಿ ಗಾರ್ಡನ್ಸಿನಲ್ಲಿ ನನಗಿಂತ ಹೆಚ್ಚು ಕುಣಿಯುತ್ತಿದ್ದವರು ಅವರೊಬ್ಬರೇ. “ಹಾರಿಸದೆ ಓದಿದ್ಳಾ ಅಕ್ಕ? ಒಂದು ಸಾಲೂ ಹಾರಿಸ್ಲಿಲ್ವಾ?” ಎಂದು ಎರಡೆರಡು ಸಲ ಕೇಳುತ್ತಿದ್ದರು. ಅದಕ್ಕೇ ಬರೆಯಲು ಕೂತೆ. ಸಂತೋಷವನ್ನು ಬರೆಯೋಣ ಎಂದು ಕೂತರೆ ಪೆನ್ನು ಅವರ ಸಂಕಟದ ಕಡೆಗೇ ಹೋಗುತ್ತಿದೆ. ಹೋಗಲಿ.

ಅವರು ಪುತ್ತೂರಿನ ಆಚೆಯವರು. ಊರಿನಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಕ್ಕಳಿಲ್ಲದೆ ಆ ಶಾಲೆ ಮುಚ್ಚಿತು. ಆಮೇಲೆ ಅಬುಧಾಬಿಗೆ ಬಂದು ಖಾಲಿದಿಯಾದ ಒಂದು ಸ್ಕೂಲಿನಲ್ಲಿ ಬಹಳ ವರ್ಷ ಇದ್ದರು. ವಯಸ್ಸಾಯಿತೆಂದು ಅಲ್ಲಿಂದ ಬಿಡಿಸಿದಾಗ ದುಬೈಗೆ ಬಂದು ಪರ್ಮಿಟ್ ಮಾಡಿಸಿಕೊಂಡು ಮನೆಯಲ್ಲೇ ಟ್ಯೂಷನ್ ಶುರು ಮಾಡಿದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಸಣಕಲು ಶರೀರ. ಮನೆಯೊಳಗೂ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವವರು.

ಮತ್ತೆ ಎಂಥ ಓದು ಅವರದು! ಕಣ್ಣೆದುರು ಅಕ್ಷರ ಬಂದರೆ ಮುಗಿಯಿತು, ಕೊನೆಯ ತನಕ ಓದದೆ ಕಾಲು ಮುಂದೆ ಇಡುತ್ತಿರಲಿಲ್ಲ. ಲಿಫ್ಟಿನಲ್ಲಿ ಬಿಲ್ಡಿಂಗಿನವರು ನೋಟೀಸು ಅಂಟಿಸಿದ ದಿನ ನಮಗೆಲ್ಲ ಕಷ್ಟ. ಒಂದು ಕೈ ಬಾಗಿಲಿಗೆ ಅಡ್ಡ ಹಿಡಿದು ಮಾಷ್ಟ್ರು ಓದುತ್ತಿದ್ದರು, ಲಿಫ್ಟು ಕೂಗುತ್ತಿತ್ತು. ಮೇಲಿನ ಮಹಡಿಯ ಪಠಾಣ ಡ್ರೈವರ್ ಖಾನ್ ಭಾಯಿ ಕೆಳಗಿನಿಂದ ಬೊಬ್ಬೆ ಹಾಕುತ್ತಿದ್ದ: “ಯಲ್ಲಾ ಮಾಸ್ಟರ್! ಪಾನಿ ಬಂದ್ ಹೈ, ಬಸ್, ಖಲಾಸ್!”

“ಕಬ್ ಆಯೇಗಾ, ವೋ ಭೀ ನೀಚೇ ಲಿಖಾ ಹೈ ಭಾಯಿ,” ನೀರು ಮತ್ತೆ ಬರುವ ಹೊತ್ತೂ ಕೆಳಗೆ ಬರೆದಿದೆಯೆಂದು ಇವರು ಶಾಂತವಾಗಿ.

ಮರುದಿನ ನಲ್ಲಿ ನಿಂತುಹೋಗಿ ಮೈಗೆಲ್ಲ ಸೋಪು ಹಚ್ಚಿಕೊಂಡ ಖಾನ್ ಭಾಯಿ ಟವೆಲ್ ಸುತ್ತಿಕೊಂಡು ಮಾಷ್ಟ್ರ ಬಾಗಿಲಿಗೆ ಬಂದು, “ನೀಚೇ ಕ್ಯಾ ಲಿಖಾ ಥಾ?” ಎಂದು ಕೇಳಿದ್ದು ಈಗಲೂ ನಮ್ಮ ಬಿಲ್ಡಿಂಗಿನಲ್ಲಿ ಕಥೆ.

ನನ್ನ ಬಿ.ಪಿ. ಮಾತ್ರೆಯ ಡಬ್ಬಿಯೊಳಗಿನ ಕಾಗದವನ್ನೂ ಬಿಡಲಿಲ್ಲ. ಸಣ್ಣ ಅಕ್ಷರದ ಆ ಉದ್ದನೆಯ ಕಾಗದವನ್ನು ಪೂರ್ತಿ ಓದಿ ಕನ್ನಡದಲ್ಲಿ ಹೇಳಿದರು. ತಲೆ ತಿರುಗಬಹುದು, ಕೆಮ್ಮು ಬರಬಹುದು, ಕಾಲು ಬಾತುಕೊಳ್ಳಬಹುದು. ಕೇಳಿದ ಕೂಡಲೇ ನನಗೆ ಮೂರೂ ಬಂತು. ಮಗಳು ಅವರಿಗೆ ಕೈ ಮುಗಿದು, “ಮಾಷ್ಟ್ರೇ, ದಯಮಾಡಿ ಅಮ್ಮನಿಗೆ ಇನ್ನು ಎಂತದೂ ಓದಿ ಹೇಳ್ಬೇಡಿ,” ಎಂದಳು.

ಅವರ ಹತ್ತಿರ ಓದಲು ಬರುತ್ತಿದ್ದವರು ಚೀನಾದ ಮಕ್ಕಳು. ಬಂದರು ಇರುವ ಜೆಬೆಲ್ ಅಲಿಯ ಕಡೆ ಚೀನಾದವರ ಗೋಡೌನುಗಳು ಬಹಳ ಇವೆ, ಅವರ ಸಂಸಾರಗಳು ಕೆಲವು ನಮ್ಮ ಸುತ್ತಮುತ್ತಲೇ ಇವೆ. ಹೈಸ್ಕೂಲು ಮುಗಿಸುವ ಮಕ್ಕಳು ತಮ್ಮ ದೇಶಕ್ಕೆ ಹೋಗಿ ಒಂದು ದೊಡ್ಡ ಪರೀಕ್ಷೆ ಬರೆಯಬೇಕು. ಅದರಲ್ಲಿ ಇಂಗ್ಲಿಷಿಗೆ ಒಂದು ಕಷ್ಟದ ಭಾಗ ಉಂಟು. ಒಂದು ಪುಟದ ಬರಹ ಕೊಡುತ್ತಾರೆ, ಕೆಳಗೆ ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಸರಿಯಾದದ್ದಕ್ಕೆ ಗುರುತು ಹಾಕಬೇಕು. ಅಂಥ ಬರಹ ಒಂದರ ಹಿಂದೆ ಒಂದು, ಸಮಯ ಮಾತ್ರ ಚೂರೇ ಚೂರು. ಮಾಷ್ಟ್ರು ಹೇಳಿಕೊಡುತ್ತಿದ್ದದ್ದು ಇದೊಂದನ್ನೇ.

ನಾನು ಅಲ್ಲಿ ಕೂರಲು ಕಾರಣ ಆ ಮಕ್ಕಳಲ್ಲಿ ಒಬ್ಬಳು. ಒಂಟಿ ಗಂಡಸಿನ ಮನೆಗೆ ಹುಡುಗಿಯನ್ನು ಕಳಿಸಲು ತಾಯಿ ಹಿಂಜರಿದಳು. ಮಾಷ್ಟ್ರು ನಮ್ಮ ಬಾಗಿಲಿಗೆ ಬಂದು, “ಅಕ್ಕ, ಶನಿವಾರ ಭಾನುವಾರ ಮಧ್ಯಾಹ್ನ ಸ್ವಲ್ಪ ಬಂದು ಕೂತ್ಕೊಳ್ತೀರಾ? ಎಂತ ಮಾಡ್ಲಿಕ್ಕೂ ಇಲ್ಲ, ಕೂತ್ರೆ ಸಾಕು,” ಎಂದರು. ಕೂರುವುದಕ್ಕೆ ನನ್ನನ್ನು ಯಾರೂ ಎರಡು ಸಲ ಕೇಳಬೇಕಿಲ್ಲ. ಬೀನ್ಸು, ಬೆಳ್ಳುಳ್ಳಿ, ಒಂದು ಚೂರಿ, ಆಗ ಇನ್ನೂ ಸಣ್ಣವಳಾಗಿದ್ದ ಸಾನ್ವಿ, ಎಲ್ಲ ಹಿಡಿದುಕೊಂಡು ಹೋಗಿ ಅವರ ಸೋಫಾದಲ್ಲಿ ಜಾಂಡಾ ಹೂಡಿದೆ.

ಆ ಹುಡುಗಿ ಇಂಗ್ಲಿಷಿಗಾಗಿ ಇಟ್ಟುಕೊಂಡ ಹೆಸರು ಕೋಕೋ. “ಹಾಲಿಗೆ ಹಾಕುವ ಪುಡಿಯ ಹೆಸರಲ್ವಾ ಮಾಷ್ಟ್ರೇ?” ಎಂದೆ. “ಹೌದು ಅಕ್ಕ, ಕಳೆದ ವರ್ಷ ಒಬ್ಬ ಇದ್ದ, ಅವನ ಹೆಸರು ಸೋಮವಾರ,” ಎಂದರು. ತಮ್ಮ ಹೆಸರು ನಮ್ಮ ನಾಲಗೆಗೆ ಸಿಕ್ಕುವುದಿಲ್ಲ ಎಂದು ಆ ಮಕ್ಕಳು ತಾವೇ ಒಂದು ಆರಿಸಿಕೊಳ್ಳುವುದಂತೆ. ಅವಳ ಜೊತೆ ಇಬ್ಬರು ಹುಡುಗರೂ ಬರುತ್ತಿದ್ದರು. ಮೂವರೂ ಬಾಗಿಲಲ್ಲಿ ಶೂ ಸಾಲಾಗಿ ಇಟ್ಟು, ಸಾನ್ವಿಯಿಂದ ಕಲಿತು ನನ್ನನ್ನು “ಅಜ್ಜಿ” ಎನ್ನುತ್ತಿದ್ದರು. ನನಗೆ ಚೀನಾದಲ್ಲೂ ಮೊಮ್ಮಕ್ಕಳಾದರಲ್ಲ ಎಂದು ಊರಿಗೆಲ್ಲ ಫೋನು ಮಾಡಿದ್ದೆ.

ಮಾಷ್ಟ್ರದು ಒಂದು ಕ್ರಮ. ಹಾಳೆ ಕೊಡುವ ಮೊದಲು ಆ ಬರಹವನ್ನು ತಾವೇ ಗಟ್ಟಿಯಾಗಿ ಓದುವುದು, ಮಕ್ಕಳು ಪೆನ್ನು ಕೆಳಗಿಟ್ಟು ಕೇಳುವುದು. ಆಮೇಲೆ ಚಹಾ. ಪ್ರಶ್ನೆ ಕಡೆಗೆ. ಹುಡುಗರಿಗೆ ಇದು ಹಿಂಸೆ. ಅವರ ಶಾಲೆಯಲ್ಲಿ ಹೇಳಿಕೊಡುವುದು ಇದರ ತಿರುಗಾಮುರುಗಾ. ಮೊದಲು ಪ್ರಶ್ನೆ ನೋಡು, ಅದರಲ್ಲಿರುವ ಒಂದು ಶಬ್ದ ಹಿಡಿದುಕೋ, ಬರಹದಲ್ಲಿ ಆ ಶಬ್ದ ಎಲ್ಲಿದೆ ಹುಡುಕು, ಅದರ ಅಕ್ಕಪಕ್ಕ ನೋಡಿ ಗುರುತು ಹಾಕು, ಓಡು. ಬರಹ ಯಾರ ಬಗ್ಗೆ ಎಂದು ತಿಳಿಯುವುದು ಬೇಕಾಗಿಯೇ ಇಲ್ಲ. ಮಾಷ್ಟ್ರು ಚಹಾ ತರಲು ಒಳಗೆ ಹೋದರೆ ಹುಡುಗರು ಹಾಳೆ ತಿರುಗಿಸಿ ಪ್ರಶ್ನೆ ಕದ್ದು ನೋಡುತ್ತಿದ್ದರು. ನಾನು ಚೂರಿ ತೋರಿಸಿ ಹೆದರಿಸುತ್ತಿದ್ದೆ, ಅವರು ನಗುತ್ತಿದ್ದರು.

ಒಂದು ದಿನ ಒಬ್ಬ ದೋಣಿಯವನ ಬರಹ. ಮಾಷ್ಟ್ರು ಮಕ್ಕಳಿಗೆ ಓದಿ, ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದರು. ಹೊಳೆ ದಾಟಿಸುವ ಮುದುಕ. ಹೊಳೆಗೆ ಸೇತುವೆ ಆಯಿತು. ಜನ ಎಲ್ಲ ಸೇತುವೆ ಮೇಲೆ ಹೋಗತೊಡಗಿದರು. ಮರುದಿನ ಬೆಳಿಗ್ಗೆಯೂ ಮುದುಕ ಬಂದು ದೋಣಿಯಲ್ಲಿ ಕೂತ. ಅಲ್ಲಿಗೆ ಬರಹ ಮುಗಿಯಿತು.

“ಅಕ್ಕ, ಅವನು ಯಾಕೆ ಬಂದ? ನೀವು ಹೇಳಿ.”

“ಮನೆಯಲ್ಲಿ ಕೂತು ಎಂತ ಮಾಡುದು ಮಾಷ್ಟ್ರೇ? ಸೊಸೆ ಹತ್ರ ಬೈಸಿಕೊಳ್ಳುದಾ?”

ಅವರು ಅದನ್ನು ಇಂಗ್ಲಿಷಿನಲ್ಲಿ ಮಕ್ಕಳಿಗೆ ಹೇಳಿ ಬಿದ್ದು ಬಿದ್ದು ನಕ್ಕರು. “ಕೊಟ್ಟ ನಾಲ್ಕು ಉತ್ತರದಲ್ಲಿ ಸೊಸೆ ಇಲ್ಲ ಅಕ್ಕ. ನಿಮಗೆ ಸೊನ್ನೆ.”

ಹುಡುಗರು ಗುರುತು ಹಾಕಿ ಮುಗಿಸಿ ಕೈ ಕಟ್ಟಿ ಕೂತಿದ್ದರು. ಕೋಕೋ ಗುರುತೇ ಹಾಕಿರಲಿಲ್ಲ. ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದಳು. ಮಾಷ್ಟ್ರು ಏನೆಂದು ಕೇಳಿದರು. ಅವಳು ಮೆಲ್ಲನೆ ಏನೋ ಹೇಳಿದಳು. ಮಾಷ್ಟ್ರ ಮುಖ ಹೇಗಾಯಿತು ಎಂದು ನಾನು ಹೇಗೆ ಬರೆಯಲಿ? ಸಾನ್ವಿ ಹುಟ್ಟಿದಾಗ ನನ್ನ ಮುಖ ಹಾಗಿದ್ದಿರಬೇಕು.

“ಅಕ್ಕ, ಇವಳು ಎಂತ ಕೇಳ್ತಾಳೆ ಗೊತ್ತುಂಟಾ? ಮುದುಕ ಅವತ್ತು ಮಧ್ಯಾಹ್ನ ಊಟ ತಂದಿದ್ನಾ ಅಂತ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ ಅಕ್ಕ. ಒಬ್ಬರೂ.”

ಅವತ್ತಿನಿಂದ ಅವಳು ಅವರ ಕಣ್ಣುಮಣಿ. ಬರಹ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಇವಳ ಪ್ರಶ್ನೆ ಶುರು. ದೋಣಿ ಯಾರಿಗೆ ಕೊಟ್ಟ, ಸೇತುವೆ ಕಟ್ಟಿದವರು ಅವನನ್ನು ಮಾತಾಡಿಸಿದರಾ. ಪರೀಕ್ಷೆಯ ಬರಹಗಳೆಲ್ಲ ಎಲ್ಲಿಂದಲೋ ಕತ್ತರಿಸಿ ತಂದ ತುಂಡುಗಳು, ಅವಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಮಾಷ್ಟ್ರು ತಾವೇ ಮುಂದಿನದನ್ನು ಕಟ್ಟಿ ಹೇಳುತ್ತಿದ್ದರು. ಸಾನ್ವಿಯೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನನ್ನ ಬೀನ್ಸು ಅರ್ಧಕ್ಕೇ ನಿಲ್ಲುತ್ತಿತ್ತು. ಆ ಮಧ್ಯಾಹ್ನಗಳನ್ನು ನೆನೆಸಿದರೆ ನನಗೆ ಈಗಲೂ ಸಂತೋಷ ಉಕ್ಕುತ್ತದೆ, ಅದೇ ಗಳಿಗೆಗೆ ಎದೆಯೊಳಗೆ ಕಲ್ಲು ಕೂರುತ್ತದೆ.

ಯಾಕೆಂದರೆ ಕೋಕೋ ಪರೀಕ್ಷೆಯ ಲೆಕ್ಕದಲ್ಲಿ ಮುಳುಗುತ್ತಿದ್ದಳು. ಹುಡುಗರು ಎಲ್ಲ ಬರಹ ಮುಗಿಸುವ ಹೊತ್ತಿಗೆ ಇವಳು ಇನ್ನೂ ಎರಡನೆಯದರಲ್ಲಿ ಯಾರದೋ ದುಃಖ ಹಂಚಿಕೊಳ್ಳುತ್ತಿದ್ದಳು. ಬರೆದದ್ದೆಲ್ಲ ಸರಿ, ಬರೆಯದೆ ಬಿಟ್ಟದ್ದೇ ಜಾಸ್ತಿ. ಶಾಲೆಯಲ್ಲಿ ಮಾಡಿದ ಮಾದರಿ ಪರೀಕ್ಷೆಯಲ್ಲಿ ಬೇರೆಲ್ಲ ವಿಷಯ ಮೇಲೆ, ಇಂಗ್ಲಿಷ್ ಮಾತ್ರ ಪಾತಾಳ.

ಒಂದು ಶನಿವಾರ ಮಗಳ ಜೊತೆ ತಾಯಿಯೂ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ ಚೆರ್ರಿ ಹಣ್ಣು. ಬರುವ ಇಂಗ್ಲಿಷು ಸ್ವಲ್ಪವೇ, ಆದರೆ ನನಗೂ ಅರ್ಥವಾಗುವಷ್ಟು ಸ್ಪಷ್ಟ. “ಟೀಚರ್, ನೋ ಸ್ಟೋರಿ,” ಎಂದಳು. “ಟೀಚರ್, ಆನ್ಸರ್.”

ಮಾಷ್ಟ್ರು ಕೂರಿಸಿ ನಿಧಾನವಾಗಿ ಏನೇನೋ ಹೇಳಿದರು. ಅವಳು ಕೇಳಿದಳು. ಆಮೇಲೆ ತನ್ನ ಎರಡೂ ಕೈ ಮೇಜಿನ ಮೇಲಿಟ್ಟಳು. ಅವರ ಮನೆಯವರದು ದೀಪಗಳ ವ್ಯಾಪಾರ, ಗೋಡೌನಿನಲ್ಲಿ ಗಾಜಿನ ಬುರುಡೆ ಬಿಚ್ಚುವುದು, ಕಟ್ಟುವುದು ಅವಳ ಕೆಲಸ. ಬೆರಳುಗಳ ತುಂಬ ಗಾಜು ಕೊಯ್ದ ಗೀರುಗಳು, ಹಳೆಯದರ ಮೇಲೆ ಹೊಸದು. ಗಲ್ಲದಿಂದಲೇ ಮಗಳನ್ನು ತೋರಿಸಿ, ಫೋನಿನಲ್ಲಿ ಚೀನೀ ಭಾಷೆಯಲ್ಲಿ ಹೇಳಿ, ಅದು ಇಂಗ್ಲಿಷಿಗೆ ತಿರುಗಿಸಿ ನುಡಿಯುವಾಗ ಫೋನನ್ನು ಮಾಷ್ಟ್ರ ಮುಂದೆ ಹಿಡಿದಳು. “ಪಾಸಾಗದಿದ್ದರೆ ಇವಳ ಅಪ್ಪ ಇವಳನ್ನು ಇನ್ನು ಓದಿಸುವುದಿಲ್ಲ, ನನ್ನ ಪಕ್ಕದಲ್ಲಿ ಗೋಡೌನಿಗೆ ಕೂರಿಸುತ್ತಾನೆ.” ಹಾಗೆಂದು ಮಾಷ್ಟ್ರು ನನಗೆ ಆಮೇಲೆ ಹೇಳಿದ್ದು. ಆದರೆ ಆ ಕೈ ನೋಡಿದ ಮೇಲೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಕೋಕೋ ಶೂಗಳ ಸಾಲನ್ನು ನೋಡುತ್ತ ನಿಂತಿದ್ದಳು.

ಮಾಷ್ಟ್ರು ಆ ವಾರ ಹಳೆ ದುಬೈಯ ನೈಫ್ ಪೇಟೆಗೆ ಹೋದರು. ಅಲ್ಲಿ ಅವರ ಪರಿಚಯದ, ನಮ್ಮೂರ ಕಡೆಯ ಬ್ಯಾರಿಗಳೊಬ್ಬರ ಬಟ್ಟೆ ಅಂಗಡಿ. ಅಲ್ಲಿಂದ ಅಂಗಿಯ ಒಳಗಿಡುವ ಗಟ್ಟಿ ರಟ್ಟು ತಂದರು. ಅದರ ನಡುವೆ ಬ್ಲೇಡಿನಿಂದ ಒಂದು ಸಾಲು ಮಾತ್ರ ಕಾಣುವಷ್ಟು ಸಪೂರ ಕಿಂಡಿ ಕೊರೆದರು. ಬರಹದ ಮೇಲೆ ರಟ್ಟು ಇಡುವುದು, ಮೇಲಿನಿಂದ ಕೆಳಗೆ ಸರ್ರನೆ ಜಾರಿಸುವುದು, ಬೇಕಾದ ಶಬ್ದ ಕಿಂಡಿಯಲ್ಲಿ ಕಂಡಾಗ ನಿಲ್ಲಿಸುವುದು, ಗುರುತು ಹಾಕುವುದು, ಮುಂದಕ್ಕೆ ಹೋಗುವುದು. ಮೇಲಿನ ಸಾಲೂ ಕಾಣದು, ಕೆಳಗಿನದೂ ಕಾಣದು. ಕಥೆ ಎಂಬುದು ಕಣ್ಣಿಗೆ ಬೀಳುವ ದಾರಿಯೇ ಇಲ್ಲ.

ಮೊದಲ ದಿನ ಅವಳು ಕಿಂಡಿಯಲ್ಲಿ ನಿಧಾನವಾಗಿ ಸಾಲು ಸಾಲಾಗಿ ಓದಲು ನೋಡಿದಳು. ಮಾಷ್ಟ್ರು ಕನ್ನಡಕದ ಡಬ್ಬಿಯಿಂದ ಮೇಜಿಗೆ ತಟ್ಟಿದರು. ಬೇಗ. ಮತ್ತೆ ತಟ್ಟಿದರು. ಬೇಗ, ಬೇಗ.

ಹಾಗೆ ತಟ್ಟುತ್ತಾ ತಟ್ಟುತ್ತಾ, ಮುಖದಲ್ಲಿ ಪಾಠ ಮಾಡುವ ಅದೇ ಕಳೆ, ದನಿಯಲ್ಲಿ ಚಹಾ ಬೇಕಾ ಎಂದು ಕೇಳುವ ಅದೇ ಸಮಾಧಾನ, ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು. ಮಕ್ಕಳು ತಲೆ ಎತ್ತಲಿಲ್ಲ.

“ಅಕ್ಕ, ನಾನೀಗ ಒಂದು ಪಾಪ ಮಾಡ್ತಾ ಇದ್ದೇನೆ. ನೀವು ನೋಡ್ತಾ ಇರಿ, ನಾಳೆ ಯಾರಾದ್ರೂ ಕೇಳಿದ್ರೆ ಸಾಕ್ಷಿ ಬೇಕಲ್ಲ.”

“ಎಂತ ಮಾತು ಮಾಷ್ಟ್ರೇ! ಹುಡುಗಿ ಪಾಸಾಗ್ಬೇಕಲ್ಲ?”

“ಆಗ್ಬೇಕು. ಆಗ್ತಾಳೆ. ಅದಕ್ಕೇ ಮಾಡುದು.” ಮೇಜಿಗೆ ತಟ್ಟಿದರು. “ಓದಿಸುವುದೇ ನನ್ನ ಕೆಲಸ ಅಂತ ತಿಳ್ಕೊಂಡಿದ್ದೆ. ಎಲ್ಲರೂ ಹುಡುಕುವವರೇ ಅಕ್ಕ, ಜಾತ್ರೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಒಬ್ಬಳು ಬಂದ್ಳು, ನಿಜವಾಗಿ ಓದುವವಳು. ಅವಳಿಗೂ ನಾನೇ ಓದು ಬಿಡಿಸ್ಬೇಕು. ನನ್ನ ಕೈಯಿಂದಲೇ ಆಗ್ಬೇಕು ನೋಡಿ.” ಮತ್ತೆ ತಟ್ಟಿದರು. ಕೋಕೋ ರಟ್ಟು ಜಾರಿಸಿದಳು.

“ಹಾಗಾದ್ರೆ ಬೇಡ ಅನ್ನಿ. ಬೇರೆ ಮಾಷ್ಟ್ರ ಹತ್ರ ಹೋಗ್ಲಿ.”

“ಬೇರೆಯವರು ಇನ್ನೂ ಬೇಗ ಬಿಡಿಸ್ತಾರೆ. ನನ್ನ ಹತ್ರ ಆದ್ರೆ ನೋವು ಕಮ್ಮಿ ಆಗ್ಬಹುದು ಅಂತ ಒಂದು ಆಸೆ.”

ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ, ಕಣ್ಣು ಉರಿಯಿತು. ಬೆಳ್ಳುಳ್ಳಿಗೆ ಕಣ್ಣು ಉರಿಯುವುದಿಲ್ಲ.

ವಾರಗಳು ಹೋದಂತೆ ಕೋಕೋ ಚುರುಕಾದಳು. ಮೊದಲು ಒಬ್ಬ ಹುಡುಗನನ್ನು ಮೀರಿದಳು, ಆಮೇಲೆ ಇನ್ನೊಬ್ಬನನ್ನು. ತಾಯಿ ಹಣ್ಣಿನ ಪೆಟ್ಟಿಗೆ ಕಳಿಸುತ್ತಲೇ ಇದ್ದಳು. ಒಂದು ದಿನ ಮಾಷ್ಟ್ರು ರಟ್ಟು ತೆಗೆದುಕೊಂಡು ಪಕ್ಕಕ್ಕಿಟ್ಟು ಬರಿಯ ಹಾಳೆ ಕೊಟ್ಟರು. ರಟ್ಟಿಲ್ಲದೆಯೂ ಅವಳ ಕಣ್ಣು ಹಾಳೆಯ ಮೇಲಿನಿಂದ ಕೆಳಕ್ಕೆ ಸರ್ರನೆ ಜಾರಿತು. ಎಲ್ಲ ಗುರುತೂ ಸರಿ. ಹುಡುಗರು ಚಪ್ಪಾಳೆ ಹೊಡೆದರು, ಸಾನ್ವಿಯೂ ಹೊಡೆದಳು. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಮಕ್ಕಳು ಗೆದ್ದರೆ ನನ್ನ ಕೈ ತಾನಾಗಿ ಹೊಡೆಯುತ್ತದೆ. ಮಾಷ್ಟ್ರು ಮಾತ್ರ ಎಂದಿನಂತೆ ಚಹಾ ತರಲು ಎದ್ದು ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಪಾತ್ರೆಯಲ್ಲಿ ನೀರು ಕುದಿದು ಬತ್ತಿ ತಳ ಕಾಯುತ್ತಿತ್ತು. ಅವರು ಚಹಾಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಿದ್ದರು. ಪೊಟ್ಟಣದ ಮೇಲೆ ಅಷ್ಟೆಲ್ಲ ಬರೆದಿತ್ತು. ಒಂದು ಅಕ್ಷರವನ್ನೂ ಅವರು ಓದುತ್ತಿರಲಿಲ್ಲ.

ಕೋಕೋ ತನ್ನ ದೇಶಕ್ಕೆ ಹೋಗಿ ಪರೀಕ್ಷೆ ಬರೆದು ಬಂದಳು. ಫಲಿತಾಂಶ ಬಂದ ದಿನ ಸೆಕೆ ಎಂದರೆ ಹೊರಗೆ ಕಾಲಿಡುವ ಹಾಗಿಲ್ಲ. ಆ ಸೆಕೆಯಲ್ಲಿ ಆಚೆ ಬಿಲ್ಡಿಂಗಿನಿಂದ ಓಡಿಕೊಂಡು ಬಂದಿದ್ದಳು, ಮುಖ ಕೆಂಪು ಕೆಂಪು. ಕೈಯಲ್ಲಿ ಸಿಹಿತಿಂಡಿಯ ಡಬ್ಬಿ. ನಮ್ಮ ಬೆಲ್ಲನ್ನೂ ಒತ್ತಿ ನನ್ನನ್ನೂ ಎಳೆದುಕೊಂಡು ಹೋದಳು. ಇಂಗ್ಲಿಷಿನಲ್ಲಿ ಅವಳ ಶಾಲೆಗೇ ಅವಳು ಮೇಲೆ. ಅಪ್ಪ ಓದಿಸಲು ಒಪ್ಪಿದ್ದಾನೆ. ದೊಡ್ಡ ಕಾಲೇಜು. ನಾನು ಅವಳನ್ನು ಅಪ್ಪಿಕೊಂಡು ಎರಡು ಸುತ್ತು ತಿರುಗಿಸಿದೆ.

ಮಾಷ್ಟ್ರು ಅವಳ ತಲೆ ಮೇಲೆ ಕೈಯಿಟ್ಟರು. ನಿಜವಾಗಿ ಸಂತೋಷಪಟ್ಟರು, ಅದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಕೂರಿಸಿ ಏನೋ ಕೇಳಿದರು. ಅವಳು ನಗುತ್ತ ಭುಜ ಕುಣಿಸಿದಳು, ಎರಡೂ ಕೈ ಬಿಚ್ಚಿ ಖಾಲಿ ತೋರಿಸಿದಳು. ಮತ್ತೆ ಏನೋ ಕೇಳಿದರು. ಅವಳು ತುಂಬ ಯೋಚಿಸಿ ಏನೋ ಅಂದು, ಮತ್ತೆ ನಕ್ಕಳು.

ಅವಳು ಹೋದ ಮೇಲೆ ಹೇಳಿದರು: “ಪರೀಕ್ಷೆಯಲ್ಲಿ ಬಂದದ್ದು ಎಂತ ಬರಹ ಅಂತ ಕೇಳಿದೆ ಅಕ್ಕ. ಗೊತ್ತಿಲ್ವಂತೆ. ಒಂದರಲ್ಲಿ ಯಾರೋ ಸತ್ತಿರ್ಬೇಕು ಅಂತಾಳೆ. ಮುದುಕನೋ ಮುದುಕಿಯೋ ನೆನಪಿಲ್ಲ. ‘ನೀವು ಹೇಳಿಕೊಟ್ಟ ಹಾಗೇ ಮಾಡಿದೆ ಟೀಚರ್, ಏನೂ ಓದ್ಲಿಲ್ಲ’ ಅಂದ್ಳು. ಎಷ್ಟು ಖುಷಿಯಲ್ಲಿ ಅಂದ್ಳು ನೋಡಿ.”

“ಆಯ್ತಲ್ಲ ಮಾಷ್ಟ್ರೇ, ಗೋಡೌನು ತಪ್ಪಿತಲ್ಲ.”

“ತಪ್ಪಿತು,” ಎಂದರು. “ಅದು ಮಾತ್ರ ತಪ್ಪಿತು.”

ನಾನು ಮನೆಗೆ ಬಂದೆ. ಅವರು ಬಾಗಿಲು ಹಾಕಿಕೊಂಡರು.

ಆಮೇಲಿನ ಮಾಷ್ಟ್ರು ಬೇರೆ. ಬೇಸಿಗೆ ಮುಗಿದು ಹೊಸ ಮಕ್ಕಳು ಬಂದರು, ಇವರು ಮೊದಲ ದಿನವೇ ಪ್ರಶ್ನೆ ಹಿಡಿದು ಶುರು ಮಾಡಿದರು. ಗಟ್ಟಿಯಾಗಿ ಓದುವುದು ಹೋಯಿತು, ಚಹಾ ಹೋಯಿತು. ಫಲಿತಾಂಶ ಒಳ್ಳೆಯದಾಗಿ ಬರುತ್ತಿತ್ತು, ಹೆಸರು ಹರಡಿ ಎಲ್ಲೆಲ್ಲಿಂದಲೋ ಫೋನು ಬರುತ್ತಿತ್ತು. ಲಿಫ್ಟಿನಲ್ಲಿ ನೋಟೀಸು ಕಂಡರೆ ಬಟನ್ ಒತ್ತಿ ಕಾಲು ನೋಡುತ್ತ ನಿಲ್ಲುತ್ತಿದ್ದರು. ಖಾನ್ ಭಾಯಿಗೇ ತಡೆಯಲಾಗದೆ, “ಕ್ಯಾ ಲಿಖಾ ಹೈ ಮಾಸ್ಟರ್?” ಎಂದು ತಾನಾಗಿ ಕೇಳಿದ. “ಮಾಲೂಮ್ ನಹೀ ಭಾಯಿ,” ಗೊತ್ತಿಲ್ಲ ಎಂದರು ಮಾಷ್ಟ್ರು. ಖಾನ್ ಭಾಯಿ ನನ್ನ ಮುಖ ನೋಡಿದ.

ನನ್ನ ಮಗಳು ಡಾಕ್ಟರ ಹತ್ತಿರ ಹೋಗೋಣ ಎಂದಳು. “ಎಂತ ಹೇಳ್ಲಿಕ್ಕೆ? ಎಲ್ಲಿ ನೋವು ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಜಾಗ ಬೇಕಲ್ಲ,” ಎಂದು ನಕ್ಕರು. ಊಟ ಅರ್ಧ ಬಿಡತೊಡಗಿದರು. ನಾನು ಬಸಳೆ ಮಾಡಿ ಕೊಟ್ಟರೆ ಪಾತ್ರೆ ತೊಳೆದು ವಾಪಸು ತರುತ್ತಿದ್ದರು, ತಿಂದದ್ದು ನನಗೆ ನಂಬಿಕೆಯಿಲ್ಲ. ವೀಸಾ ಮುಗಿಯುತ್ತ ಬಂದಾಗ ಅದನ್ನು ಮತ್ತೆ ಮಾಡಿಸುವ ಗೊಡವೆಗೇ ಹೋಗಲಿಲ್ಲ. ಪುಸ್ತಕಗಳನ್ನೆಲ್ಲ ಯಾರಿಗೋ ಕೊಟ್ಟರು. ಊರಿಗೆ ಹೊರಡುವ ಬೆಳಿಗ್ಗೆ ಅಳಿಯ ಕಾರು ಸ್ಟಾರ್ಟ್ ಮಾಡಿ ಕಾಯುತ್ತಿದ್ದರು. ಮಾಷ್ಟ್ರು ಸಾನ್ವಿಯ ಗಲ್ಲ ಹಿಡಿದು, “ಇವಳಿಗೆ ಟ್ಯೂಷನ್ ಮಾತ್ರ ಹಾಕ್ಬೇಡಿ ಅಕ್ಕ,” ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಊರಿನಲ್ಲಿ ತಮ್ಮನ ಮಗನ ಮನೆಯಲ್ಲಿದ್ದರು. ಮಳೆಗಾಲದಲ್ಲಿ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ತೀರಿಕೊಂಡರು. ಆ ಹುಡುಗ ಮಗಳ ವಾಟ್ಸ್ಯಾಪಿಗೆ ಒಂದು ಸಾಲು ಕಳಿಸಿದ. ಸಾಯುವಂಥ ಜ್ವರವಾಗಿರಲಿಲ್ಲವಂತೆ, ಬದುಕಬೇಕೆಂದು ಅವರಿಗೇ ಮನಸ್ಸಿರಲಿಲ್ಲವಂತೆ ಎಂದು ಆಮೇಲೆ ಫೋನಿನಲ್ಲಿ ಹೇಳಿದ. ನನಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಇನ್ನು ಹೋದ ತಿಂಗಳ ಸಂಗತಿಯೊಂದು ಉಳಿದಿದೆ. ಬರೆಯದೆ ಬಿಡೋಣ ಎಂದರೆ ಕೈ ಬಿಡುತ್ತಿಲ್ಲ.

ಭಾನುವಾರ ಮಧ್ಯಾಹ್ನ ಬೆಲ್ಲಾಯಿತು. ಮಗಳು ಬಾಗಿಲು ತೆಗೆದಳು. ಎತ್ತರದ ಒಬ್ಬ ಹುಡುಗಿ, ಕುತ್ತಿಗೆಯ ತನಕ ಕತ್ತರಿಸಿದ ಕೂದಲು. “ಅಜ್ಜಿ” ಎಂದಾಗ ಗೊತ್ತಾಯಿತು. ಕೋಕೋ! ರಜೆಗೆ ಬಂದಿದ್ದಾಳೆ. ನನ್ನ ಬೊಬ್ಬೆಗೆ ಸಾನ್ವಿ ಒಳಗಿನಿಂದ ಓಡಿ ಬಂದಳು. ಕೂರಿಸಿದೆ, ಚಹಾ ಕೊಟ್ಟೆ, ನೀರುದೋಸೆ ಕೊಟ್ಟೆ. ಎದುರು ಬಾಗಿಲಿನ ಬೆಲ್ಲು ಒತ್ತಿದಳಂತೆ, ಬೇರೆ ಯಾರೋ ಬಂದರಂತೆ. ಟೀಚರ್ ಎಲ್ಲಿ, ಮನೆ ಬದಲಾಯಿಸಿದರಾ ಎಂದು ಕೇಳಿದಳು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ಹುಡುಗಿ ಅಳಲಿಲ್ಲ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಮಾತಾಡತೊಡಗಿದಳು. ಮಗಳು ಒಂದೊಂದೇ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು.

ಕಾಲೇಜಿನಲ್ಲಿ ಅವಳು ಚೆನ್ನಾಗಿಯೇ ಇದ್ದಾಳೆ, ಅಂಕಕ್ಕೆ ಕೊರತೆಯಿಲ್ಲ. ಆದರೆ ಒಂದು ಕಥೆಯ ಪುಸ್ತಕ ಹಿಡಿದರೆ ಕಣ್ಣು ನಿಲ್ಲುವುದಿಲ್ಲ. ಪುಟದ ಮೇಲಿನಿಂದ ಕೆಳಕ್ಕೆ ಓಡಿಹೋಗುತ್ತದೆ. ತಡೆದು ವಾಪಸು ತಂದರೆ ಮತ್ತೆ ಓಡುತ್ತದೆ. ಅವಳ ಭಾಷೆಯಲ್ಲೂ ಹಾಗೇ. ಅವಳ ಅಜ್ಜಿ ಕೈಯಲ್ಲಿ ಬರೆದ ಕಾಗದವನ್ನೂ ಅವಳಿಗೆ ಪೂರ್ತಿ ಓದಲು ಆಗಲಿಲ್ಲ, ಹಣ ಕಳಿಸಿದ ಸುದ್ದಿ ಎಲ್ಲಿದೆ ಎಂದು ಕಣ್ಣು ಹುಡುಕಿತು. ಮೊದಲಿನ ಹಾಗೆ ಓದುವುದು ಹೇಗೆ ಎಂದು ಮರೆತುಹೋಗಿದೆ. ಟೀಚರಿಗೆ ಗೊತ್ತಿರುತ್ತದೆ, ಕೇಳಿಕೊಂಡು ಹೋಗೋಣ ಎಂದು ಬಂದಳಂತೆ.

“ಎಂತ ಹೇಳ್ಲಿ ಅಮ್ಮ ಇವಳಿಗೆ?” ಎಂದು ಮಗಳು ನನ್ನನ್ನು ಕೇಳಿದಳು.

“ಮಾಷ್ಟ್ರಿಗೆ ನಿನ್ನ ಮೇಲೆ ಬಹಳ ಹೆಮ್ಮೆ ಇತ್ತು ಅಂತ ಹೇಳು.”

ಮಗಳು ಹೇಳಿದಳು. ಕೋಕೋ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಸಿಹಿ ತಂದುಕೊಟ್ಟ ಆ ದಿನ ಲಿಫ್ಟು ಬರಲು ತಡವಾಯಿತಂತೆ. ನಾನು ನಮ್ಮ ಮನೆಗೆ ಬಂದು, ಮಾಷ್ಟ್ರು ಬಾಗಿಲು ಹಾಕಿಕೊಂಡ ಮೇಲೂ ಅವಳು ಕಾರಿಡಾರಿನ ತಿರುವಿನಲ್ಲೇ ನಿಂತಿದ್ದಳಂತೆ. ಒಳಗಿನಿಂದ ಅವರು ಅಳುವುದು ಕೇಳಿಸಿತಂತೆ. ಸಂತೋಷಕ್ಕೆ ಅಳುತ್ತಾರೆ ಎಂದುಕೊಂಡು ಇಳಿದು ಹೋದಳಂತೆ.

“ಯಾಕೆ ಅತ್ತದ್ದು ಅಂತ ಈಗ ಗೊತ್ತಾಯ್ತು ಅಂತಾಳೆ ಅಮ್ಮ,” ಎಂದಳು ಮಗಳು.

ಹುಡುಗಿ ಎದ್ದು ಶೂ ಹಾಕಿಕೊಂಡಳು. ಬಾಗಿಲ ಹತ್ತಿರ ಹೋದವಳು ತಿರುಗಿ, ಮಗಳನ್ನಲ್ಲ, ನನ್ನನ್ನೇ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಹಾಗೆ ಓದಲು ಹೇಳಿಕೊಡುವವರು ಈ ಊರಿನಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು. ಮಗಳು ನನಗೆ ಹೇಳಿದಳು, ಹೇಳಿ ಅವಳೂ ನನ್ನ ಬಾಯಿಯನ್ನೇ ನೋಡಿದಳು.

“ಇಲ್ಲ ಮಗಾ,” ಎಂದೆ.

ಮಗಳು ಅದನ್ನು ಇಂಗ್ಲಿಷಿಗೆ ಹೇಳಲು ಬಾಯಿ ತೆರೆಯುವ ಮೊದಲೇ ಅವಳಿಗೆ ಅರ್ಥವಾಗಿತ್ತು.